ಮುಂಜಾನೆ ಕುಂಟಿ ಮಧ್ಯಾಹ್ನ ಓಡುವ ಮಕ್ಕಳು

ಮಕ್ಕಳ ಕೀಲಿನ ಕಾಯಿಲೆ ಎಂದರೆ ಕರ್ನಾಟಕದ ಹಳೆಯ ಓದುಗರಿಗೆ ಥಟ್ಟನೆ ನೆನಪಾಗುವುದು ಸಾಗರ ತಾಲ್ಲೂಕಿನ ಹಂದಿಗೋಡು. 1970ರ ದಶಕದ ನಡುವಿನಲ್ಲಿ ಆ ಊರಿನ ದಲಿತ ಕುಟುಂಬಗಳಲ್ಲಿ ಸೊಂಟ, ಮೊಣಕಾಲು ಹಿಡಿದುಕೊಂಡು ನಡೆಯಲಾರದೆ ಹೋದವರ ಸುದ್ದಿ ಹೊರಬಿತ್ತು. ತಜ್ಞರ ತಂಡಗಳು ಬಂದವು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅಧ್ಯಯನ ನಡೆಸಿತು. ಅದು ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವ ಮೂಳೆ ಬೆಳವಣಿಗೆಯ ದೋಷ, ಸಂಧಿವಾತವಲ್ಲ ಎಂದು ಕೊನೆಗೆ ಗೊತ್ತಾಯಿತು. ಒಂದೇ ಕೇರಿಯಲ್ಲಿ ಹಲವರು ಒಟ್ಟಿಗೆ ನರಳಿದ್ದರಿಂದ ಊರಿನ ಹೆಸರೇ ರೋಗದ ಹೆಸರಾಯಿತು. ಪತ್ರಿಕೆಗಳು ಬರೆದವು, ಸದನದಲ್ಲಿ ಮಾತಾಯಿತು.

ಮಕ್ಕಳ ನಿಜವಾದ ಸಂಧಿವಾತಕ್ಕೆ ಆ ಭಾಗ್ಯವಿಲ್ಲ. ಅದು ಊರಿಗೊಂದು ಮಗುವನ್ನೋ ನಾಲ್ಕು ಊರಿಗೊಂದು ಮಗುವನ್ನೋ ಹಿಡಿಯುತ್ತದೆ. ಬೀದರ ಜಿಲ್ಲೆಯ ಲೆಕ್ಕವನ್ನೇ ತೆಗೆದುಕೊಳ್ಳಿ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 17 ಲಕ್ಷ ದಾಟಿತ್ತು. ಅದರಲ್ಲಿ ಮೂರನೇ ಒಂದು ಭಾಗ 16 ವರ್ಷದೊಳಗಿನವರು ಎಂದಿಟ್ಟುಕೊಳ್ಳೋಣ. ಪಾಶ್ಚಾತ್ಯ ದೇಶಗಳ ಅಧ್ಯಯನಗಳು ಲಕ್ಷ ಮಕ್ಕಳಿಗೆ 16ರಿಂದ 150 ಮಂದಿಗೆ ಈ ರೋಗ ಇರುತ್ತದೆ ಎನ್ನುತ್ತವೆ. ಅದೇ ದರ ಇಲ್ಲಿಗೂ ಹೊಂದಿದರೆ ಜಿಲ್ಲೆಯಲ್ಲಿ 90ರಿಂದ 850ರವರೆಗೆ ಮಕ್ಕಳು. ಎಂಟು ತಾಲ್ಲೂಕುಗಳಿಗೆ ಹಂಚಿದರೆ ಕಮಲನಗರದಂಥ ಸಣ್ಣ ತಾಲ್ಲೂಕಿನ ಪಾಲಿಗೂ ಕೆಲವು ಹತ್ತು ಮಕ್ಕಳು ಬರಬಹುದು. ಇದು ಬರೀ ಗುಣಾಕಾರ, ಎಣಿಕೆಯಲ್ಲ. ಆದರೂ "ನಮ್ಮ ಕಡೆ ಅಂಥ ರೋಗ ಇಲ್ಲ" ಎನ್ನುವವರಿಗೆ ಇಷ್ಟು ಉತ್ತರ ಸಾಕು.

ಕಮಲನಗರ ಔರಾದ ತಾಲ್ಲೂಕಿನಿಂದ ಬೇರೆಯಾಗಿ ಸ್ವಂತ ತಾಲ್ಲೂಕಾದದ್ದು ಇತ್ತೀಚೆಗೆ. ಗಡಿಯಾಚೆ ಮಹಾರಾಷ್ಟ್ರದ ಉದಗೀರ. ರೈಲು ಹತ್ತಿದರೆ ಒಂದು ಕಡೆ ಭಾಲ್ಕಿ, ಬೀದರ, ಇನ್ನೊಂದು ಕಡೆ ಉದಗೀರ, ಲಾತೂರ ರೋಡ್. ಕಾಯಿಲೆ ಬಂದರೆ ಜನ ಹೋಗುವ ದಾರಿಯೂ ಇವೇ. ಮೊದಲು ಊರ ಡಾಕ್ಟರು, ಆಮೇಲೆ ಉದಗೀರ ಇಲ್ಲವೆ ಬೀದರ, ಹಣ ಹೊಂದಿದರೆ ಹೈದರಾಬಾದು. ಒಂದು ಮಗುವಿನ ಕಾಗದಪತ್ರ ಮೂರು ರಾಜ್ಯಗಳ ಆಸ್ಪತ್ರೆಗಳಲ್ಲಿ ಚದುರಿರುತ್ತದೆ. ಒಬ್ಬ ವೈದ್ಯರು ನೋಡಿದ್ದು ಇನ್ನೊಬ್ಬರಿಗೆ ತಿಳಿಯುವುದಿಲ್ಲ. ರೋಗಕ್ಕಿಂತ ಈ ಅಲೆದಾಟದಲ್ಲಿ ಕಳೆದುಹೋಗುವ ತಿಂಗಳುಗಳೇ ಮಗುವಿನ ಕೀಲನ್ನು ಹೆಚ್ಚು ಕೆಡಿಸುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ರೋಗ ಯಾವುದು ಎಂದು ನೋಡೋಣ. 16 ತುಂಬುವ ಮೊದಲೇ ಶುರುವಾಗಿ, ಕನಿಷ್ಠ 6 ವಾರ ಬಿಡದೆ ಉಳಿದು, ಬೇರೆ ಯಾವ ಕಾರಣವೂ ಸಿಗದ ಕೀಲಿನ ಉರಿಯೂತವನ್ನು ವೈದ್ಯರು ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್, ಚುಟುಕಾಗಿ ಜೆಐಎ ಎನ್ನುತ್ತಾರೆ. ಸೋಂಕಿನ ವಿರುದ್ಧ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೀಲಿನ ಒಳಪೊರೆಯ ಮೇಲೆ ತಿರುಗಿಬೀಳುತ್ತದೆ. ಪೊರೆ ದಪ್ಪವಾಗುತ್ತದೆ, ನೀರು ತುಂಬುತ್ತದೆ, ಕೀಲು ಬಿಸಿಯಾಗಿ ಬಾವು ಬರುತ್ತದೆ. ತಡೆಯದೆ ಬಿಟ್ಟರೆ ಮೃದ್ವಸ್ಥಿ ಸವೆದು ಮೂಳೆಯೂ ಕೊರೆದುಹೋಗುತ್ತದೆ. ತಾಯಿ ಬಸುರಿದ್ದಾಗ ಏನು ತಿಂದಳು, ಮಗು ಎಲ್ಲಿ ಬಿತ್ತು ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಅಂಟುಜಾಡ್ಯವೂ ಅಲ್ಲ.

ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ಜಾರ್ಜ್ ಫ್ರೆಡರಿಕ್ ಸ್ಟಿಲ್ ಎಂಬ ಯುವ ವೈದ್ಯ 1897ರಲ್ಲಿ 22 ಮಕ್ಕಳನ್ನು ವಿವರಿಸಿ, ಇದು ದೊಡ್ಡವರ ಸಂಧಿವಾತದ ಚಿಕ್ಕ ಪ್ರತಿಯಲ್ಲ, ಬೇರೆಯದೇ ಎಂದು ತೋರಿಸಿಕೊಟ್ಟ. ಮುಂದೆ ಇದನ್ನು ಅಮೆರಿಕದವರು ಒಂದು ಹೆಸರಲ್ಲಿ, ಯುರೋಪಿನವರು ಇನ್ನೊಂದು ಹೆಸರಲ್ಲಿ ಕರೆದರು. 1990ರ ದಶಕದಲ್ಲಿ ಅಂತರರಾಷ್ಟ್ರೀಯ ತಜ್ಞರ ಒಕ್ಕೂಟ ಎಲ್ಲವನ್ನೂ ಜೆಐಎ ಎಂಬ ಒಂದೇ ಮಾಡಿನಡಿ ತಂದು, 2001ರಲ್ಲಿ ಕೆನಡಾದ ಎಡ್ಮಂಟನ್ ನಗರದಲ್ಲಿ ಏಳು ಬಗೆಗಳ ಪಟ್ಟಿಯನ್ನು ತಿದ್ದಿ ಗಟ್ಟಿ ಮಾಡಿತು. 2019ರಲ್ಲಿ ಇನ್ನೊಂದು ಹೊಸ ವಿಂಗಡಣೆಯ ಪ್ರಸ್ತಾವ ಬಂದಿದೆ, ಆ ಚರ್ಚೆ ನಡೆದೇ ಇದೆ. ನಮ್ಮ ಆಸ್ಪತ್ರೆಗಳಲ್ಲಿ ಈಗಲೂ ಬಳಕೆಯಲ್ಲಿರುವುದು ಏಳರ ಪಟ್ಟಿಯೇ.

ಹೆಸರುಗಳ ಈ ಪಟ್ಟಿ ತಂದೆತಾಯಿಗೆ ಯಾಕೆ ಬೇಕು? ಒಂದೊಂದು ಬಗೆಯೂ ದೇಹದ ಒಂದೊಂದು ಕಡೆ ಕನ್ನ ಹಾಕುತ್ತದೆ. ಒಂದು ಕಣ್ಣಿಗೆ, ಒಂದು ಬೆನ್ನಿಗೆ, ಒಂದು ಜೀವಕ್ಕೇ. ಯಾವ ಬಗೆ ಎಂದು ಗೊತ್ತಾದರೆ ಎಲ್ಲಿ ಕಾವಲು ಹಾಕಬೇಕೆಂದು ಗೊತ್ತಾಗುತ್ತದೆ.

ಕೆಲವೇ ಕೀಲುಗಳ ಸಂಧಿವಾತ, ವೈದ್ಯರ ಮಾತಿನಲ್ಲಿ ಆಲಿಗೋ ಆರ್ಥ್ರೈಟಿಸ್, ಮೊದಲ ಆರು ತಿಂಗಳಲ್ಲಿ ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಕೀಲುಗಳನ್ನು ಹಿಡಿಯುತ್ತದೆ. ಹೆಚ್ಚಾಗಿ ಎರಡರಿಂದ ಆರು ವರ್ಷದ ಹೆಣ್ಣುಮಕ್ಕಳಲ್ಲಿ, ಹೆಚ್ಚಾಗಿ ಮೊಣಕಾಲು ಇಲ್ಲವೆ ಪಾದದ ಗಂಟು. ಮಗು ಅಳುವುದಿಲ್ಲ, ಜ್ವರವಿಲ್ಲ, ಊಟ ಬಿಟ್ಟಿಲ್ಲ. ತಾಯಿಗೆ ಕಾಣುವುದು ಒಂದೇ: "ಮುಂಜಾನಿ ಎದ್ದಾಗ ಕಾಲ್ ಎಳಿತಾಳ್ರಿ, ಮಧ್ಯಾಹ್ನಕ್ಕ ಓಡ್ಯಾಡ್ಲತ್ತಾಳ." ಈ ಒಂದು ಮಾತಿನಲ್ಲಿ ಅರ್ಧ ರೋಗನಿರ್ಣಯ ಇದೆ. ರಾತ್ರಿಯೆಲ್ಲ ಅಲುಗಾಡದೆ ಮಲಗಿದ ಕೀಲು ಮುಂಜಾನೆ ಬಿಗಿದಿರುತ್ತದೆ, ಓಡಾಡಿದಂತೆ ಸಡಿಲುತ್ತದೆ. ಕಮಲನಗರದಿಂದ ಬಸ್ಸು ಹತ್ತಿ ಬೀದರಿನ ಆಸ್ಪತ್ರೆಯ ಸರತಿ ಮುಗಿಯುವ ಹೊತ್ತಿಗೆ ಮಧ್ಯಾಹ್ನವಾಗಿರುತ್ತದೆ. ವೈದ್ಯರ ಮುಂದೆ ಮಗು ಚೆನ್ನಾಗಿ ನಡೆದು ತೋರಿಸುತ್ತದೆ, ತಾಯಿಯದೇ ಹುಸಿ ಗಾಬರಿ ಎನಿಸಿಬಿಡುತ್ತದೆ. ಅದಕ್ಕೇ ಇಂಥ ಮಗುವಿನ ತಂದೆತಾಯಿ ಹಾಸಿಗೆ ಬಿಟ್ಟೆದ್ದ ಕೂಡಲೆ ಅದರ ನಡಿಗೆಯನ್ನು ಮೊಬೈಲಿನಲ್ಲಿ ಒಂದು ನಿಮಿಷ ವಿಡಿಯೊ ಮಾಡಿಕೊಂಡು ಹೋಗಬೇಕು. ಯಾವ ರಕ್ತಪರೀಕ್ಷೆಯೂ ಕೊಡದ ಸಾಕ್ಷಿ ಅದು.

ಮನೆಯಲ್ಲೇ ಮಾಡಬಹುದಾದ ಇನ್ನೊಂದು ಪರೀಕ್ಷೆಯೂ ಇದೆ. ಮಗುವನ್ನು ಅಂಗಾತ ಮಲಗಿಸಿ ಎರಡೂ ಮೊಣಕಾಲು ಪಕ್ಕಪಕ್ಕದಲ್ಲಿ ನೋಡಿ. ಮಂಡಿಚಿಪ್ಪಿನ ಎರಡು ಬದಿಗೆ ಸಣ್ಣ ತಗ್ಗು ಇರುತ್ತದೆ. ನೀರು ತುಂಬಿದ ಕಾಲಿನಲ್ಲಿ ಆ ತಗ್ಗು ಮುಚ್ಚಿಹೋಗಿರುತ್ತದೆ. ಆಮೇಲೆ ಅಂಗೈ ಹಿಂಬದಿಯಿಂದ ತೊಡೆ, ಮಂಡಿ, ಕಣಕಾಲು ಸವರಿ. ಆರೋಗ್ಯವಂತ ಮಂಡಿ ತೊಡೆಗಿಂತ ತುಸು ತಣ್ಣಗಿರುತ್ತದೆ. ತೊಡೆಯಷ್ಟೇ ಅಥವಾ ಅದಕ್ಕಿಂತ ಬೆಚ್ಚಗಿದ್ದರೆ ಒಳಗೆ ಉರಿಯೂತ ಇದೆ ಎಂದು ಅನುಮಾನಿಸಬೇಕು. ತಿಂಗಳುಗಟ್ಟಲೆ ಹೀಗೇ ಇದ್ದ ಕಾಲು ರಕ್ತಸಂಚಾರ ಹೆಚ್ಚಿ ಇನ್ನೊಂದಕ್ಕಿಂತ ಉದ್ದ ಬೆಳೆಯುವುದೂ ಉಂಟು. ತೊಡೆಯ ಸ್ನಾಯು ಮಾತ್ರ ಸೊರಗುತ್ತದೆ.

ಈ ಬಗೆಯ ದೊಡ್ಡ ಅಪಾಯ ಇರುವುದು ಕಣ್ಣಿನಲ್ಲಿ. ಕಣ್ಣಿನೊಳಗಿನ ಪೊರೆಗೂ ಉರಿಯೂತ ತಗಲುತ್ತದೆ, ಅದಕ್ಕೆ ಯುವೈಟಿಸ್ ಎನ್ನುತ್ತಾರೆ. ಕಣ್ಣು ಕೆಂಪಾಗದು, ನೀರು ಸುರಿಯದು, ನೋಯದು. ಬ್ಯಾಟರಿ ಬಿಟ್ಟು ನೋಡಿದರೂ ಕಾಣದು. ಕಣ್ಣಿನ ವೈದ್ಯರ ಸ್ಲಿಟ್ ಲ್ಯಾಂಪ್ ಎಂಬ ಯಂತ್ರದಲ್ಲಿ ಮಾತ್ರ ಗೊತ್ತಾಗುತ್ತದೆ. ಹಾಗೇ ಬಿಟ್ಟರೆ ಪೊರೆ, ಗ್ಲಾಕೋಮ, ಕೊನೆಗೆ ಕುರುಡು. ರಕ್ತದಲ್ಲಿ ಎಎನ್‌ಎ ಎಂಬ ಅಂಶ ಇರುವ ಎಳೆಯ ಹೆಣ್ಣುಮಕ್ಕಳಿಗೆ ಅಪಾಯ ಹೆಚ್ಚು. ಅಂಥವರು ಮೊದಲ ಕೆಲವು ವರ್ಷ ಮೂರು ತಿಂಗಳಿಗೊಮ್ಮೆ ಕಣ್ಣು ತೋರಿಸಲೇಬೇಕು, ಮೊಣಕಾಲಿನ ಬಾವು ಪೂರಾ ಇಳಿದಿದ್ದರೂ. ಕಾಲಿನ ರೋಗಕ್ಕೆ ಕಣ್ಣಿನ ಡಾಕ್ಟರ ಹತ್ತಿರ ಯಾಕೆ ಎಂದು ಅಜ್ಜಿ ಕೇಳಿದರೆ ತಪ್ಪೇನಿಲ್ಲ. ಆದರೆ ಕಾಲಿಗೆ ಮದ್ದು ಬರೆದ ವೈದ್ಯರು ಆ ಮಾತು ಹೇಳದೆ ಕಳಿಸಿದರೆ ಅದು ದೊಡ್ಡ ತಪ್ಪು.

ಸಮಾಧಾನದ ಸಂಗತಿಯೊಂದಿದೆ. 49 ದೇಶಗಳ 9,081 ಮಕ್ಕಳನ್ನು ಒಳಗೊಂಡು 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಈ ಕಣ್ಣಿನ ತೊಂದರೆ ಯುರೋಪಿನ ಮಕ್ಕಳಲ್ಲಿ ಹೆಚ್ಚು, ನಮ್ಮ ಕಡೆಯ ಏಷ್ಯಾದ ಮಕ್ಕಳಲ್ಲಿ ಸಾಕಷ್ಟು ಕಡಿಮೆ ಎಂದು ಕಂಡಿತು. ಕಡಿಮೆ ಎಂದ ಮಾತ್ರಕ್ಕೆ ತಪಾಸಣೆ ಬಿಡುವಂತಿಲ್ಲ.

ನಮ್ಮಲ್ಲಿ ಹೆಚ್ಚಾಗಿ ಕಾಣುವ ಬಗೆ ಬೇರೆ. ಪುಣೆಯ ಸಂಧಿವಾತ ತಜ್ಞರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರನೇ ಒಂದು ಭಾಗಕ್ಕೂ ಮಿಕ್ಕಿ ಮಕ್ಕಳದು ಎಂಥೆಸೈಟಿಸ್ ಜೊತೆಗಿನ ಸಂಧಿವಾತ. ಸ್ನಾಯುವಿನ ಹುರಿ ಮೂಳೆಗೆ ಅಂಟುವ ಜಾಗದಲ್ಲಿ, ಅಂದರೆ ಹಿಮ್ಮಡಿಯ ಹಿಂದೆ, ಅಂಗಾಲಿನ ಅಡಿಯಲ್ಲಿ, ಮಂಡಿಚಿಪ್ಪಿನ ಅಂಚಿನಲ್ಲಿ ಉರಿಯೂತ ಬರುವುದು ಇದರ ಗುರುತು. ಆರು ವರ್ಷ ದಾಟಿದ ಗಂಡುಮಕ್ಕಳಲ್ಲಿ, ಅದರಲ್ಲೂ ಹೈಸ್ಕೂಲಿನ ಹುಡುಗರಲ್ಲಿ ಹೆಚ್ಚು. ಹುಡುಗ ಕಬಡ್ಡಿ ಬಿಡುತ್ತಾನೆ. ಹಿಮ್ಮಡಿ ಊರಲಾರದೆ ಮುಂಗಾಲ ಮೇಲೆ ನಡೆಯುತ್ತಾನೆ. ಮನೆಯವರು ಮೈದಾನದಲ್ಲಿ ಬಿದ್ದಿರಬೇಕೆಂದು ಊರಿನ ಎಲುಬು ಕೂಡಿಸುವವರ ಹತ್ತಿರ ಒಯ್ದು ಪಟ್ಟಿ ಕಟ್ಟಿಸುತ್ತಾರೆ. ಒಂದು ಹಿಮ್ಮಡಿ ಕಡಿಮೆಯಾಗುವಷ್ಟರಲ್ಲಿ ಇನ್ನೊಂದು ಮೊಣಕಾಲು, ಆಮೇಲೆ ಸೊಂಟದ ಕೀಲು. ಕೆಲವು ವರ್ಷಗಳ ಮೇಲೆ ಕೆಳಬೆನ್ನು ಮುಂಜಾನೆ ಬಿಗಿಯುತ್ತದೆ. ಎದ್ದು ಓಡಾಡಿದರೆ ಕಡಿಮೆ, ಮಲಗಿದರೆ ಹೆಚ್ಚು. ಸಾಧಾರಣ ಬೆನ್ನುನೋವು ಇದಕ್ಕೆ ತಿರುವುಮುರುವು. ಇಂಥವರಲ್ಲಿ ಅನೇಕರ ರಕ್ತದಲ್ಲಿ ಎಚ್‌ಎಲ್‌ಎ-ಬಿ27 ಎಂಬ ಆನುವಂಶಿಕ ಗುರುತು ಸಿಗುತ್ತದೆ. ತಂದೆಗೋ ಚಿಕ್ಕಪ್ಪನಿಗೋ ಬೆನ್ನು ಸೆಟೆದಿದ್ದರೆ ಆ ಸಂಗತಿಯನ್ನು ವೈದ್ಯರಿಗೆ ಮರೆಯದೆ ಹೇಳಬೇಕು. ಇವರಿಗೂ ಕಣ್ಣಿನ ತೊಂದರೆ ಬರಬಹುದು. ಇಲ್ಲಿ ಕಣ್ಣು ಕೆಂಪಾಗಿ, ನೋಯುತ್ತ, ಬೆಳಕು ನೋಡಲಾಗದಂತೆ ಬರುತ್ತದೆ, ಹಾಗಾಗಿ ಕಣ್ತಪ್ಪುವುದಿಲ್ಲ.

ಇನ್ನು ಜೀವಕ್ಕೇ ಕುತ್ತಾಗಬಲ್ಲ ಬಗೆ, ಸ್ಟಿಲ್ ವಿವರಿಸಿದ್ದು: ಸರ್ವಾಂಗದ ಸಂಧಿವಾತ, ಸಿಸ್ಟಮಿಕ್ ಜೆಐಎ. ಇಲ್ಲಿ ಕೀಲಿಗಿಂತ ಮೊದಲು ಬರುವುದು ಜ್ವರ. ಎರಡು ವಾರಕ್ಕೂ ಮೀರಿ, ದಿನಕ್ಕೊಮ್ಮೆ ಅಥವಾ ಎರಡು ಸಲ, ಹೆಚ್ಚಾಗಿ ಸಂಜೆ, ಒಮ್ಮೆಲೇ ಏರಿ 39 ಡಿಗ್ರಿ ಸೆಲ್ಸಿಯಸ್ ದಾಟಿ ತಾನಾಗಿ ಇಳಿಯುತ್ತದೆ. ಏರಿದಾಗ ಮಗು ಮುಟ್ಟಿದರೆ ಚೀರುತ್ತದೆ, ಇಳಿದಾಗ ಎದ್ದು ಆಡುತ್ತದೆ. ಜ್ವರ ಇರುವಾಗಲೇ ಎದೆ, ಬೆನ್ನು, ಕಂಕುಳು, ತೊಡೆಯ ಮೇಲೆ ತಿಳಿಗೆಂಪು ಚಿಕ್ಕೆಗಳು ಏಳುತ್ತವೆ, ಜ್ವರ ಇಳಿದಾಗ ಮಾಯವಾಗುತ್ತವೆ. ಪಾಶ್ಚಾತ್ಯ ಪುಸ್ತಕದ ಚಿತ್ರಗಳೆಲ್ಲ ಬಿಳಿ ತೊಗಲಿನವು. ನಮ್ಮ ಮಕ್ಕಳ ಕಪ್ಪು, ಗೋದಿ ಮೈಬಣ್ಣದಲ್ಲಿ ಆ ಚಿಕ್ಕೆ ಸುಲಭವಾಗಿ ಕಾಣುವುದಿಲ್ಲ. ಜ್ವರದ ಹೊತ್ತಿನಲ್ಲಿ ಅಂಗಿ ಬಿಚ್ಚಿ, ಒಳ್ಳೆಯ ಬೆಳಕಿನಲ್ಲಿ ಹುಡುಕಬೇಕು, ಕಂಡರೆ ಫೋಟೊ ತೆಗೆದಿಟ್ಟುಕೊಳ್ಳಬೇಕು. ಕುತ್ತಿಗೆ, ಕಂಕುಳಲ್ಲಿ ಗಡ್ಡೆ, ಯಕೃತ್ತು, ಗುಲ್ಮದ ಊತ, ಎದೆಯೊಳಗೆ ನೀರು ಕೂಡ ಬರಬಹುದು. ಕೀಲು ನೋವು ಕೆಲವರಿಗೆ ವಾರಗಳ, ತಿಂಗಳುಗಳ ಮೇಲೆ ಶುರುವಾಗುತ್ತದೆ. ಅಷ್ಟರೊಳಗೆ ಆ ಮಗುವಿಗೆ ವಿಡಾಲ್ ಪರೀಕ್ಷೆ ಮಾಡಿ ಟೈಫಾಯ್ಡ್ ಎಂದು ಒಂದು ಸುತ್ತು, ಮಲೇರಿಯಾ ಎಂದು ಇನ್ನೊಂದು ಸುತ್ತು ಚಿಕಿತ್ಸೆ ಆಗಿರುತ್ತದೆ.

ಈ ಬಗೆಯ ಮಕ್ಕಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಮ್ಯಾಕ್ರೋಫೇಜ್ ಆಕ್ಟಿವೇಷನ್ ಸಿಂಡ್ರೋಮ್ ಎಂಬ ಗಂಡಾಂತರ ಬರುತ್ತದೆ. ರಕ್ಷಣಾ ಕಣಗಳು ಹುಚ್ಚೆದ್ದು ಸ್ವಂತ ರಕ್ತಕಣಗಳನ್ನೇ ನುಂಗತೊಡಗುತ್ತವೆ. ಬಂದುಹೋಗುತ್ತಿದ್ದ ಜ್ವರ ಬಿಡದೆ ನಿಲ್ಲುತ್ತದೆ, ಮಗು ಮಂಕಾಗುತ್ತದೆ, ಒಸಡಿನಲ್ಲೋ ಮೂಗಿನಲ್ಲೋ ರಕ್ತ ಬರಬಹುದು. ಪ್ಲೇಟ್‌ಲೆಟ್ ಕುಸಿಯುತ್ತದೆ, ಫೆರಿಟಿನ್ ಸಾವಿರಗಳಲ್ಲಿ ಏರುತ್ತದೆ. ವಿಚಿತ್ರವೆಂದರೆ ಅಲ್ಲಿಯವರೆಗೆ ಏರಿದ್ದ, ಉರಿಯೂತ ಅಳೆಯುವ ಇಎಸ್‌ಆರ್ ಇಳಿಯುತ್ತದೆ. ವರದಿ ನೋಡಿದವರು ಗುಣವಾಗುತ್ತಿದೆ ಎಂದು ಹಿಗ್ಗಿದರೆ ಮಗು ಕೈತಪ್ಪುತ್ತದೆ. ಇದಕ್ಕೆ ಆ ದಿನವೇ ದೊಡ್ಡ ಆಸ್ಪತ್ರೆ ಬೇಕು.

ಉಳಿದ ಬಗೆಗಳನ್ನು ಬೇಗ ನೋಡಿಬಿಡಬಹುದು. ಮೊದಲ ಆರು ತಿಂಗಳಲ್ಲಿ ಐದು ಅಥವಾ ಅದಕ್ಕಿಂತ ಹೆಚ್ಚು ಕೀಲು ಹಿಡಿದರೆ ಬಹುಕೀಲಿನ ಸಂಧಿವಾತ. ಅದರಲ್ಲಿ ರಕ್ತದಲ್ಲಿ ರುಮಟಾಯ್ಡ್ ಫ್ಯಾಕ್ಟರ್ ಎಂಬ ಅಂಶ ಇರುವುದು ಒಂದು, ಇಲ್ಲದ್ದು ಇನ್ನೊಂದು. ಇರುವುದು ಹರೆಯದ ಹುಡುಗಿಯರಲ್ಲಿ ದೊಡ್ಡವರ ರೋಗದಂತೆಯೇ ಎರಡೂ ಕೈಯ ಬೆರಳ ಗಂಟುಗಳನ್ನು ಹಿಡಿದು ಬೇಗ ಮೂಳೆ ಕೊರೆಯುತ್ತದೆ. ರೊಟ್ಟಿ ತಟ್ಟಲು, ಕೊಡ ಎತ್ತಲು ಆಗದ ಹುಡುಗಿಯನ್ನು ಮೈಗಳ್ಳಿ ಎಂದು ಬೈಯುವ ಮೊದಲು ಅವಳ ಬೆರಳು ನೋಡಬೇಕು. ಬಹುಕೀಲಿನ ರೋಗದಲ್ಲಿ ದವಡೆ ಮತ್ತು ಕುತ್ತಿಗೆಯೂ ಸಿಕ್ಕಿಕೊಳ್ಳುತ್ತವೆ. ದವಡೆಯ ಕೀಲು ಕೆಟ್ಟರೆ ಬಾಯಿ ಪೂರ್ತಿ ತೆರೆಯದು, ಗದ್ದ ಬೆಳೆಯದೆ ಚಿಕ್ಕದಾಗಿ ಉಳಿಯುತ್ತದೆ. ಆರನೆಯದು ಸೋರಿಯಾಸಿಸ್ ಜೊತೆಗಿನದು. ಒಂದೇ ಬೆರಳು ಬುಡದಿಂದ ತುದಿವರೆಗೆ ಊದುವುದು, ಉಗುರಲ್ಲಿ ಸೂಜಿ ಚುಚ್ಚಿದಂಥ ತಗ್ಗುಗಳು, ತಂದೆ ಅಥವಾ ತಾಯಿಗೆ ಸೋರಿಯಾಸಿಸ್ ಇದರ ಸುಳಿವು. ಯಾವ ಖಾನೆಗೂ ಸೇರದವರದು, ಎರಡು ಖಾನೆಗೆ ಸೇರುವವರದು ಏಳನೆಯ ಗುಂಪು.

ಈ ಹೆಸರುಗಳನ್ನು ಹಚ್ಚುವ ಮೊದಲು ಬೇರೆ ರೋಗಗಳನ್ನು ತಳ್ಳಿಹಾಕಬೇಕು. ಬೀದರ ಸೀಮೆಯಲ್ಲಿ ಆ ಕೆಲಸ ಲಂಡನ್ನಿಗಿಂತ ಕಠಿಣ. 2005ರ ಕೊನೆಯಲ್ಲಿ ಶುರುವಾದ ಚಿಕುನ್‌ಗುನ್ಯ ಹಾವಳಿಯಲ್ಲಿ ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳು ಮುಂಚೂಣಿಯಲ್ಲಿದ್ದವು. 2006ರಲ್ಲಿ ರಾಜ್ಯದಲ್ಲೇ 7.5 ಲಕ್ಷ ಶಂಕಿತ ಪ್ರಕರಣ ದಾಖಲಾದವು. ಅಂದಿನಿಂದ ಜ್ವರ ಮತ್ತು ಕೀಲು ನೋವು ಎಂದರೆ ಜನರ ಬಾಯಲ್ಲಿ ಬರುವ ಮೊದಲ ಹೆಸರು ಚಿಕುನ್‌ಗುನ್ಯ. ಅದು ಮನೆಮಂದಿಗೆಲ್ಲ ಬಂದಿರುತ್ತದೆ, ಮಕ್ಕಳಲ್ಲಿ ಹೆಚ್ಚಾಗಿ ಕೆಲವು ವಾರಗಳಲ್ಲಿ ಇಳಿಯುತ್ತದೆ. ಒಂದೇ ಮಗುವಿಗೆ ಬಂದು, ಒಂದೂವರೆ ತಿಂಗಳಾದರೂ ಬಾವು ಇಳಿಯದಿದ್ದರೆ ಸೊಳ್ಳೆಯನ್ನು ಬಯ್ದು ಪ್ರಯೋಜನವಿಲ್ಲ.

ದನ, ಎಮ್ಮೆ, ಆಡು ಕಟ್ಟಿರುವ ಮನೆಗಳಲ್ಲಿ ಬ್ರುಸೆಲ್ಲೋಸಿಸ್ ಮರೆಯಬಾರದು. ವಿಜಯಪುರದ ವೈದ್ಯಕೀಯ ಕಾಲೇಜಿನ ತಜ್ಞರು 2004ರಲ್ಲಿ 93 ಮಕ್ಕಳಲ್ಲಿ ಈ ಸೋಂಕನ್ನು ಗುರುತಿಸಿ ಪ್ರಕಟಿಸಿದರು. ಹೆಚ್ಚಿನವರಿಗೆ ಬಿಡದ ಜ್ವರ, ಅದರ ಹಿಂದೆಯೇ ಕೀಲು ನೋವು. ಅವರಲ್ಲಿ ಕುರಿ ಕಾಯುವ ಮಕ್ಕಳೇ ಬಹಳ. ದೇವಣಿ ತಳಿಯ ದನಗಳ ನಾಡಿನಲ್ಲಿ, ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರುವ ಜಿಲ್ಲೆಯಲ್ಲಿ, ಹಸಿ ಹಾಲು ಕುಡಿಯುವ ಮಗುವಿಗೆ ಈ ಪರೀಕ್ಷೆ ಮಾಡಿಸುವುದು ಲೋಕಜ್ಞಾನ. ತಿಂಗಳುಗಟ್ಟಲೆ ಊದಿದ ಒಂದೇ ಕೀಲಿನಲ್ಲಿ ಕ್ಷಯ ಇರಬಹುದು. ಒಮ್ಮೆಲೇ ಊದಿ, ಮುಟ್ಟಗೊಡದೆ, ಜ್ವರ ಬಂದ ಕೀಲಿನಲ್ಲಿ ಕೀವು ಇರಬಹುದು, ಅದಕ್ಕೆ ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ಬೇಕು. ಸಣ್ಣ ಏಟಿಗೇ ಗಂಡುಮಗುವಿನ ಮಂಡಿ ಊದಿದರೆ ಹಿಮೋಫಿಲಿಯಾ. ರಾತ್ರಿ ನಿದ್ದೆಯಿಂದ ಎಬ್ಬಿಸುವ ಮೂಳೆ ನೋವು, ಬಿಳಿಚಿದ ಮುಖ, ಇಳಿದ ತೂಕ ಇದ್ದರೆ ರಕ್ತದ ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳದೆ ಸ್ಟಿರಾಯ್ಡ್ ಕೊಡಲೇಬಾರದು. ಕೊಟ್ಟರೆ ರೋಗ ತಾತ್ಕಾಲಿಕವಾಗಿ ಅಡಗಿ ಪರೀಕ್ಷೆಯಲ್ಲಿ ಸಿಗದೆ ಹೋಗುತ್ತದೆ.

ಬೆಳೆಯುವ ಮಕ್ಕಳ ನೋವು ಎಂಬುದೊಂದಿದೆ, ಅದು ನಿಜವಾದದ್ದೇ, ನಿರುಪದ್ರವಿ. ಅದು ಸಂಜೆ, ರಾತ್ರಿ ಬರುತ್ತದೆ, ಎರಡೂ ಕಾಲಿನ ಮೀನಖಂಡ, ತೊಡೆ ನೋಯುತ್ತವೆ, ಒತ್ತಿದರೆ ಹಿತ. ಮುಂಜಾನೆ ಮಗು ಜಿಗಿದಾಡುತ್ತದೆ. ಕೀಲು ಊದುವುದಿಲ್ಲ. ಸಂಧಿವಾತದ ಗಡಿಯಾರ ಇದಕ್ಕೆ ಉಲ್ಟಾ.

ರುಮಾಟಿಕ್ ಜ್ವರದ ವಿಷಯದಲ್ಲಿ ನಮ್ಮ ಕಡೆ ಆಗುವ ಅವಾಂತರ ಬೇರೆಯೇ. ಗಂಟಲು ಸೋಂಕಿನ ಎರಡು ಮೂರು ವಾರದ ಮೇಲೆ ಬರುವ ಆ ರೋಗದಲ್ಲಿ ನೋವು ಒಂದು ಕೀಲಿನಿಂದ ಇನ್ನೊಂದಕ್ಕೆ ಹಾರುತ್ತ ಹೋಗುತ್ತದೆ, ಕೆಲವೇ ವಾರದಲ್ಲಿ ಕೀಲು ಬಿಡುತ್ತದೆ, ಹೃದಯದ ಕವಾಟ ಹಿಡಿಯಬಹುದು. ಅದನ್ನು ಹುಡುಕಲು ಎಎಸ್‌ಒ ಎಂಬ ಪರೀಕ್ಷೆ ಇದೆ. ಗಂಟಲು ಸೋಂಕು ಸಾಮಾನ್ಯವಾಗಿರುವ ನಮ್ಮಲ್ಲಿ ಆರೋಗ್ಯವಂತ ಮಕ್ಕಳ ರಕ್ತದಲ್ಲೂ ಎಎಸ್‌ಒ ಏರಿರುತ್ತದೆ. ಕಾಲು ನೋವೆಂದು ಬಂದ ಮಗುವಿಗೆ ಆ ಒಂದು ಅಂಕಿ ನೋಡಿ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ ಚುಚ್ಚುತ್ತ ವರ್ಷಗಟ್ಟಲೆ ಕಳೆದ ಉದಾಹರಣೆಗಳು ಎಷ್ಟೋ. ಅದೇ ರೀತಿ ರುಮಟಾಯ್ಡ್ ಫ್ಯಾಕ್ಟರ್ ಇಲ್ಲ ಎಂಬ ವರದಿ ಹಿಡಿದು ಸಂಧಿವಾತವಲ್ಲ ಎಂದು ವಾಪಸು ಕಳಿಸುವುದೂ ತಪ್ಪು. ಈ ರೋಗ ಇರುವ ಬಹುಪಾಲು ಮಕ್ಕಳಲ್ಲಿ ಅದು ಇರುವುದೇ ಇಲ್ಲ. ಜೆಐಎ ಇದೆ ಅಥವಾ ಇಲ್ಲ ಎಂದು ಹೇಳುವ ಒಂದೇ ಒಂದು ರಕ್ತಪರೀಕ್ಷೆ ಲೋಕದಲ್ಲಿಲ್ಲ. ಕೀಲು ಮುಟ್ಟಿ, ಮಡಿಚಿ, ಬಿಡಿಸಿ ನೋಡುವ ವೈದ್ಯರ ಕೈಯೇ ಮುಖ್ಯ ಪರೀಕ್ಷೆ. ಲ್ಯಾಬಿನವರು ಬೇಸರಿಸಿಕೊಳ್ಳಬಾರದು.

ಚಿಕಿತ್ಸೆಯ ಕಥೆ ಕಳೆದ ನಾಲ್ಕು ದಶಕಗಳಲ್ಲಿ ಪೂರ್ತಿ ಬದಲಾಗಿದೆ. ಮೊದಲು ಆಸ್ಪಿರಿನ್, ಸ್ಟಿರಾಯ್ಡ್, ಕೊನೆಗೆ ಗಾಲಿಕುರ್ಚಿ. ಈಗ ನೋವು, ಬಾವಿಗೆ ಐಬುಪ್ರೊಫೆನ್, ನಾಪ್ರಾಕ್ಸೆನ್ ಥರದ ಔಷಧ, ಒಂದೆರಡೇ ಕೀಲಾದರೆ ಕೀಲಿನೊಳಗೇ ಸ್ಟಿರಾಯ್ಡ್ ಸೂಜಿ, ಹೆಚ್ಚಿನವರಿಗೆ ಮೆಥೋಟ್ರೆಕ್ಸೇಟ್. 1992ರಲ್ಲಿ ಮಕ್ಕಳಲ್ಲಿ ಅದರ ಗುಣ ಪ್ರಯೋಗದಿಂದ ಸಿದ್ಧವಾದ ಮೇಲೆ ಈ ರೋಗದ ಬೆನ್ನೆಲುಬಿನಂಥ ಮದ್ದು ಅದೇ. ಅಗ್ಗದ್ದು, ಬೀದರಿನ ಔಷಧ ಅಂಗಡಿಗಳಲ್ಲೂ ಸಿಗುತ್ತದೆ. ಆದರೆ ಒಂದು ಎಚ್ಚರ: ಅದು ವಾರಕ್ಕೆ ಒಂದೇ ದಿನ ಕೊಡುವ ಗುಳಿಗಿ. ದಿನವೂ ನುಂಗಿಸಿದರೆ ವಿಷ, ಜೀವ ಹೋಗುತ್ತದೆ. ಊರಿನ ಸಂತೆಯ ದಿನದಂಥ ಮರೆಯಲಾಗದ ಒಂದು ವಾರ ಗೊತ್ತು ಮಾಡಿಕೊಂಡು, ಚೀಟಿಯ ಮೇಲೆ ಕನ್ನಡದಲ್ಲೋ ಮರಾಠಿಯಲ್ಲೋ ಆ ವಾರದ ಹೆಸರು ಬರೆಸಿಕೊಳ್ಳಬೇಕು. ಜೊತೆಗೆ ಫೋಲಿಕ್ ಆ್ಯಸಿಡ್, ಕಾಲಕಾಲಕ್ಕೆ ರಕ್ತ ಮತ್ತು ಯಕೃತ್ತಿನ ಪರೀಕ್ಷೆ. ಗುಣ ಕಾಣಲು ಎರಡು ಮೂರು ತಿಂಗಳು ಬೇಕು. ಎರಡನೇ ವಾರಕ್ಕೆ ಏನೂ ಆಗಲಿಲ್ಲವೆಂದು ಬಿಟ್ಟವರೇ ಹೆಚ್ಚು.

ಅದಕ್ಕೂ ಬಗ್ಗದಿದ್ದರೆ ಜೈವಿಕ ಔಷಧಗಳಿವೆ. ಎಟನರ್ಸೆಪ್ಟ್ ಅಮೆರಿಕದಲ್ಲಿ ಮಕ್ಕಳಿಗೆ ಒಪ್ಪಿಗೆ ಪಡೆದದ್ದು 1999ರಲ್ಲಿ. ಆಮೇಲೆ ಅಡಾಲಿಮುಮಾಬ್, ಸರ್ವಾಂಗದ ಬಗೆಗೆ ಟೋಸಿಲಿಜುಮಾಬ್ ಬಂದವು. ಅಡಾಲಿಮುಮಾಬ್‌ನ ದೇಶೀ ಪ್ರತಿ 2014ರಿಂದ ನಮ್ಮಲ್ಲಿದೆ, ಬೆಲೆ ಇಳಿದಿದೆ, ಆದರೂ ಕೂಲಿಯವರ ಕೈಗೆ ಎಟುಕುವಂಥದ್ದಲ್ಲ. ಇವು ಕೊಡುವ ಮೊದಲು ಮೈಯಲ್ಲಿ ಅಡಗಿದ ಕ್ಷಯ ಇಲ್ಲವೆಂದು ನೋಡಲೇಬೇಕು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವು ಕೊಡುತ್ತದೆ. ಆದರೆ ಅದರ ಚೌಕಟ್ಟು ಹೆಚ್ಚಾಗಿ ಆಸ್ಪತ್ರೆಯಲ್ಲಿ ಮಲಗಿ ಪಡೆಯುವ ಚಿಕಿತ್ಸೆಗೆ ಹೊಂದಿದ್ದು. ತಿಂಗಳು ತಿಂಗಳು ಹೊರರೋಗಿಯಾಗಿ ಬಂದುಹೋಗುವ ಮಗುವಿನ ಬಸ್ ಚಾರ್ಜು, ತಾಯಿಯ ಒಂದು ದಿನದ ಕೂಲಿ ಯಾವ ಯೋಜನೆಯ ಲೆಕ್ಕಕ್ಕೂ ಬರುವುದಿಲ್ಲ.

ಊರಲ್ಲಿ ಸಿಗುವ ಬಿಳಿ ಗುಳಿಗಿಯ ಬಗ್ಗೆಯೂ ಹೇಳಬೇಕು. ಒಂದೇ ದಿನದಲ್ಲಿ ನೋವು ಮಾಯ, ಹಸಿವು ಹೆಚ್ಚು, ಮುಖ ತುಂಬಿ ಮಗು ದುಂಡಗಾಗುತ್ತದೆ. ಮನೆಯವರಿಗೆ ಸಂತೋಷ. ಅದು ಹೆಚ್ಚಾಗಿ ಸ್ಟಿರಾಯ್ಡ್. ತಜ್ಞರ ಕೈಯಲ್ಲಿ ಕೆಲವು ವಾರ ಅದು ಒಳ್ಳೆಯ ಆಯುಧ. ಹೇಳುವವರು ಕೇಳುವವರು ಇಲ್ಲದೆ ವರ್ಷ ನುಂಗಿದರೆ ಎತ್ತರ ನಿಲ್ಲುತ್ತದೆ, ಮೂಳೆ ಟೊಳ್ಳಾಗುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಪಥ್ಯದ ಹೆಸರಲ್ಲಿ ಬದನೆಕಾಯಿ, ಹುಳಿ, ಮೊಸರು, ಬಾಳೆಹಣ್ಣು ಬಿಡಿಸುವುದಕ್ಕೆ ಆಧಾರವಿಲ್ಲ. ಬೆಳೆಯುವ ಮಗುವಿಗೆ ಕಾಯಿಸಿದ ಹಾಲು, ಜೋಳದ ರೊಟ್ಟಿ, ತೊಗರಿ ಬ್ಯಾಳಿ, ಮೊಟ್ಟೆ ಎಲ್ಲವೂ ಬೇಕು. ಮಲಗಿಸಿಡುವುದೂ ತಪ್ಪು. ಮುಂಜಾನೆ ಬಿಸಿನೀರಿನ ಸ್ನಾನ, ಆಮೇಲೆ ಕೀಲು ಪೂರ್ತಿ ಮಡಿಚಿ ಬಿಡಿಸುವ ವ್ಯಾಯಾಮ, ಸೈಕಲ್ಲು, ಈಜು ಇವು ಮದ್ದಿನಷ್ಟೇ ಮುಖ್ಯ.

ಎಲ್ಲಿಗೆ ಹೋಗಬೇಕು? ಬೀದರಿನ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಮಕ್ಕಳ ವಿಭಾಗ ಮೊದಲ ಮೆಟ್ಟಿಲು. ಅಲ್ಲಿಂದ ಮುಂದಕ್ಕೆ ಹತ್ತಿರದ್ದು ಸುಮಾರು 140 ಕಿಲೋಮೀಟರು ದೂರದ ಹೈದರಾಬಾದಿನ ನಿಮ್ಸ್ ಆಸ್ಪತ್ರೆ, ಅಲ್ಲಿ ಸಂಧಿವಾತಕ್ಕೇ ಪ್ರತ್ಯೇಕ ವಿಭಾಗವಿದೆ. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಸೇಂಟ್ ಜಾನ್ಸ್ ಒಂದು ರಾತ್ರಿಯ ಪ್ರಯಾಣ. ಯಾವ ಊರಿಗೆ ಹೋದರೂ ಒಂದೇ ಫೈಲು, ಅದರ ಮೊದಲ ಹಾಳೆಯಲ್ಲಿ ಮೂರು ಸಂಗತಿ ಬರೆದಿರಲಿ: ಮೊದಲು ಊದಿದ ಕೀಲು ಯಾವುದು, ಯಾವ ತಿಂಗಳು, ಕಣ್ಣು ಕೊನೆಯ ಸಲ ತೋರಿಸಿದ್ದು ಯಾವಾಗ.

ಶಾಲೆಯ ಮಾತಿಗೆ ಬರುತ್ತೇನೆ. ಬಿಸಿಯೂಟದ ಸಾಲಿನಲ್ಲಿ ಎಲ್ಲರೂ ಚಕ್ಕಳಮಕ್ಕಳ ಹಾಕಿ ಕೂತಾಗ ಒಂದು ಮಗು ಮಾತ್ರ ದಿನವೂ ಒಂದು ಕಾಲು ಚಾಚಿ ಕೂತಿದ್ದರೆ, ಅದನ್ನು ಶಿಸ್ತಿಲ್ಲವೆಂದು ಗದರುವವರೂ ಅದೇ ಶಿಕ್ಷಕರು, ರೋಗ ಹಿಡಿಯಬಲ್ಲವರೂ ಅವರೇ. ಶೌಚಕ್ಕೆ ಕುಕ್ಕರಗಾಲಲ್ಲಿ ಕೂರಲಾರದ ಮಗು, ಮುಂಜಾನೆಯ ಪ್ರಾರ್ಥನೆಗೆ ತಡವಾಗಿ ಬಂದು ಆಟದ ಪಿರಿಯಡ್ಡಿನಲ್ಲಿ ಸರಿಹೋಗುವ ಮಗು, ಅಕ್ಷರ ಕೆಟ್ಟ ಮಗು, ಇವರನ್ನು ದಿನವೂ ನೋಡುವವರು ಅವರೊಬ್ಬರೇ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ವೈದ್ಯರು 2006ರಲ್ಲಿ ಪಿಗಾಲ್ಸ್ ಎಂಬ ಸುಲಭ ತಪಾಸಣೆ ರೂಪಿಸಿದರು. ನೋವು ಅಥವಾ ಬಿಗಿತ ಇದೆಯೆ, ಸಹಾಯವಿಲ್ಲದೆ ಬಟ್ಟೆ ಹಾಕಿಕೊಳ್ಳಲು ಬರುತ್ತದೆಯೆ, ಮೆಟ್ಟಿಲು ಹತ್ತಿಳಿಯಲು ಬರುತ್ತದೆಯೆ ಎಂಬ ಮೂರು ಪ್ರಶ್ನೆ, ಆಮೇಲೆ ಮಗುವಿನಿಂದ ನಡೆಸಿ, ಕೈ ಎತ್ತಿಸಿ, ಬಾಗಿಸಿ ನೋಡುವುದು. ಎರಡು ನಿಮಿಷದ ಕೆಲಸ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು 2013ರಿಂದ ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಶಾಲೆಗಳಿಗೆ ಒಂದು ಸಲ ಬರಬೇಕೆಂಬ ಏರ್ಪಾಡಿದೆ. ಅವರ ಕೈಯಲ್ಲಿರುವ ತೊಂದರೆಗಳ ಪಟ್ಟಿಯಲ್ಲಿ ರುಮಾಟಿಕ್ ಹೃದ್ರೋಗ ಇದೆ, ರಿಕೆಟ್ಸ್ ಇದೆ, ಮಕ್ಕಳ ಸಂಧಿವಾತ ಇಲ್ಲ. ಪಟ್ಟಿ ತಿದ್ದುವುದು ದಿಲ್ಲಿಯ ಕೆಲಸ, ಅದು ಆಗುವಾಗ ಆಗಲಿ. ಆ ಮೂರು ಪ್ರಶ್ನೆಗಳನ್ನು ಕೇಳಲು ಯಾರ ಆದೇಶವೂ ಬೇಕಿಲ್ಲ. ಬೀದರ ಜಿಲ್ಲೆಯ ಆರೋಗ್ಯ ಅಧಿಕಾರಿಗಳು ಮುಂದಿನ ಶಾಲಾ ತಪಾಸಣೆಯಲ್ಲೇ ಅವನ್ನು ಸೇರಿಸಿಕೊಳ್ಳಲಿ. ಕಮಲನಗರ, ಔರಾದ, ಭಾಲ್ಕಿಯ ಮುಖ್ಯೋಪಾಧ್ಯಾಯರು ತಮ್ಮ ಶಾಲೆಯಲ್ಲಿ ಕಾಲು ಚಾಚಿ ಕೂರುವ ಮಗು ಇದ್ದರೆ ಅದರ ಹೆಸರು ಬರೆದು ಆ ತಂಡದ ಕೈಗೆ ಕೊಡಲಿ.